ಕೊಟ್ಟ ಮಾತೂ ಅಂತಸ್ಸಾಕ್ಷಿಯೂ

ಹುಲೇಕಲ್ಲಿನ ಅಡಕೆ ತೋಟದಲ್ಲಿ ದುಡಿಯುವ ಗೃಹಸ್ಥನಿಗೆ ಗ್ರಾಮಪಂಚಾಯಿತಿಯ ಸದಸ್ಯನನ್ನು ಆರಿಸುವ ಹಕ್ಕುಂಟು, ವಿಧಾನಸಭೆಗೂ ಲೋಕಸಭೆಗೂ ಪ್ರತಿನಿಧಿಯನ್ನು ಕಳುಹಿಸುವ ಹಕ್ಕುಂಟು. ಭಾರತದ ರಾಷ್ಟ್ರಪತಿಯನ್ನು ಆರಿಸುವ ಹಕ್ಕು ಮಾತ್ರ ಅವನಿಗೆ ನೇರವಾಗಿ ಇಲ್ಲ. ಆ ಮತವನ್ನು ಸಂಸತ್ತಿನ ಚುನಾಯಿತ ಸದಸ್ಯರೂ ವಿಧಾನಸಭೆಗಳ ಚುನಾಯಿತ ಸದಸ್ಯರೂ ಕೊಡತಕ್ಕದ್ದೆಂದು ಸಂವಿಧಾನದ 54ನೆಯ ವಿಧಿಯು ವಿಧಿಸಿದೆ. ಹಾಗಿದ್ದ ಮೇಲೆ ಈ ವಿಚಾರವು ಭಕ್ತನಾದ ಗೃಹಸ್ಥನಿಗೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತಕ್ಕೆ 131ರ ಬೆಲೆಯಿತ್ತು. 1971ರ ಜನಗಣತಿಯ ಜನಸಂಖ್ಯೆಯನ್ನು 224 ಮಂದಿ ಶಾಸಕರಿಗೆ ಹಂಚಿ, ಬಂದುದನ್ನು ಸಾವಿರದಿಂದ ಭಾಗಿಸಿ ಈ ಬೆಲೆಯನ್ನು ಕಟ್ಟುತ್ತಾರೆ. ಎಂದರೆ ಶಾಸಕನು ಪೆಟ್ಟಿಗೆಯಲ್ಲಿ ಹಾಕುವ ಒಂದು ಚೀಟಿಯೊಳಗೆ ಸುಮಾರು ಒಂದು ಲಕ್ಷದ ಮೂವತ್ತೊಂದು ಸಾವಿರ ಜನರ ಪಾಲು ಅಡಗಿದೆ. ಅದರಲ್ಲಿ ಹುಲೇಕಲ್ಲಿನವರ ಪಾಲೂ ಇದೆ. ತನ್ನ ಪಾಲು ಯಾವ ನ್ಯಾಯದಿಂದ ಯಾರಿಗೆ ಸಂದಿತು ಎಂದು ಕೇಳುವುದು ಪಾಲುಗಾರನಿಗೆ ಅನುಚಿತವಲ್ಲ.

ಈ ಪ್ರಶ್ನೆಯು ಕನ್ನಡನಾಡಿನ ನಡುವೆಯೇ ನಿಂತು ಎಲ್ಲರನ್ನೂ ಕಾಡಿದ ಕಾಲವೊಂದಿತ್ತು. 1969ನೆಯ ಇಸವಿ ಮೇ 3ರಂದು ರಾಷ್ಟ್ರಪತಿಗಳಾಗಿದ್ದ ಡಾ. ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ಕಾಲವಶರಾದರು. ಉಪರಾಷ್ಟ್ರಪತಿ ಶ್ರೀ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಇವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದುದರಿಂದ ಕನ್ನಡಿಗರಿಗೆ ಅಪರಿಚಿತರಲ್ಲ. ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿ ಆಗ ಇದ್ದವರು ಶ್ರೀ ಎಸ್. ನಿಜಲಿಂಗಪ್ಪನವರು, ಮೈಸೂರಿನ ಮುಖ್ಯಮಂತ್ರಿಗಳು ಶ್ರೀ ವೀರೇಂದ್ರ ಪಾಟೀಲರು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೂಡಿದ ಪಕ್ಷದ ಹಿರಿಯರ ಮಂಡಲಿಯು ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ, ಬಹುಮತದಿಂದ, ಲೋಕಸಭಾಧ್ಯಕ್ಷರಾಗಿದ್ದ ಶ್ರೀ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ನಿಶ್ಚಯಿಸಿತು. ಪ್ರಧಾನಿಯವರು ಅವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದರು. ಅತ್ತ ಗಿರಿಯವರು ತಮ್ಮ ಪದವಿಯನ್ನು ಬಿಟ್ಟುಕೊಟ್ಟು ಸ್ವತಂತ್ರವಾಗಿ ಸ್ಪರ್ಧೆಗಿಳಿದರು. ಸ್ವತಂತ್ರ ಪಕ್ಷ, ಜನಸಂಘ ಮೊದಲಾದವು ಶ್ರೀ ಸಿ. ಡಿ. ದೇಶಮುಖರನ್ನು ಬೆಂಬಲಿಸಿದವು.

ಅನಂತರ ನಡೆದುದು ಬಹು ಜಟಿಲವಾದದ್ದು. ರಾಷ್ಟ್ರಪತಿಯ ಚುನಾವಣೆಯಲ್ಲಿ ಮತದಾರನು ಒಂದನೆಯ ಪ್ರಾಶಸ್ತ್ಯ, ಎರಡನೆಯ ಪ್ರಾಶಸ್ತ್ಯ ಎಂದು ಕ್ರಮವಾಗಿ ಗುರುತಿಸಬಹುದು. ಆ ಎರಡನೆಯ ಮತಗಳನ್ನು ರೆಡ್ಡಿಯವರಿಗೆ ಕೊಡಬೇಕೆಂದು ನಿಜಲಿಂಗಪ್ಪನವರು ಅನ್ಯಪಕ್ಷಗಳ ಮುಖಂಡರೊಡನೆ ಮಾತನಾಡಿದರು. ಇದನ್ನೇ ಕಾರಣವಾಗಿ ಹಿಡಿದು ಪ್ರಧಾನಿಯವರ ಪಕ್ಷದವರು, ಇನ್ನು ಪಕ್ಷದ ಆಜ್ಞೆಗೆ ಕಟ್ಟುಬೀಳಬೇಕಾದುದಿಲ್ಲ, ಪ್ರತಿಯೊಬ್ಬನೂ ತನ್ನ ಅಂತಸ್ಸಾಕ್ಷಿಯಂತೆ ಮತ ಕೊಡಲಿ ಎಂದು ಸಾರಿದರು. ‘ಆತ್ಮಸಾಕ್ಷಿಯ ಮತ’ ಎಂಬ ನುಡಿ ಕನ್ನಡ ಪತ್ರಿಕೆಗಳಲ್ಲಿ ಮನೆಮಾತಾಯಿತು. ಆಗಸ್ಟ್ 16ರಂದು ಮತದಾನವಾಗಿ 20ರಂದು ಎಣಿಕೆ ನಡೆಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಬಂದವು. ಯಾರಿಗೂ ಬೇಕಾದಷ್ಟು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ ಗಿರಿಯವರು 4,20,077, ರೆಡ್ಡಿಯವರು 4,05,427. ಈ ಅಲ್ಪ ಅಂತರವೇ ದೇಶದ ಹಿರಿಯ ಪಕ್ಷವನ್ನು ಆ ವರ್ಷದ ನವೆಂಬರಿನಲ್ಲಿ ಇಬ್ಭಾಗ ಮಾಡಿತು.

ಆ ದಿನಗಳಲ್ಲಿ ವೀರಶೈವ ಸಮಾಜದ ಮನೆಗಳಲ್ಲಿ ಎದ್ದ ಮೊದಲ ಮಾತು ಯಾವುದಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಪಕ್ಷದ ಅಧ್ಯಕ್ಷರೂ ಮುಖ್ಯಮಂತ್ರಿಗಳೂ ಲಿಂಗಧಾರಿಗಳು. ಅವರ ಮಾತು ಸೋತರೆ ಸಮಾಜಕ್ಕೆ ಕುಂದು. ಆದುದರಿಂದ ಅವರು ಹೇಳಿದವರಿಗೇ ಬೆಂಬಲ ಎಂಬುದು ಆ ಮಾತು. ಇದನ್ನು ಬಹಳ ಚರ್ಚಿಸಬೇಕಾಗಿಲ್ಲ. ಸ್ಪರ್ಧಿಸಿದ ಇಬ್ಬರು ಪ್ರಮುಖರೂ ತೆಲುಗು ನುಡಿಯವರು, ಇಬ್ಬರೂ ದೇಶಸೇವೆಯಲ್ಲಿ ಹಣ್ಣಾದವರು. ಅಲ್ಲಿ ‘ನಮ್ಮವರು’ ಎಂಬ ಲೆಕ್ಕವು ಅಭ್ಯರ್ಥಿಯನ್ನು ನೋಡಿ ಹುಟ್ಟಿದ್ದಲ್ಲ, ಅಭ್ಯರ್ಥಿಯನ್ನು ತೋರಿಸಿದವರ ಮುಖವನ್ನು ನೋಡಿ ಹುಟ್ಟಿದ್ದು. ಶೂನ್ಯಸಂಪಾದನೆಯ ಪರಂಪರೆಯನ್ನು ಬಲ್ಲವರು ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾದುದಿಲ್ಲ. ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನು ಸಿದ್ಧಪಡಿಸಿದವರು ಮಂತ್ರಿಗಳಾದ ಬಸವಣ್ಣನವರು. ಅದರ ಮೇಲೆ ಕುಳ್ಳಿರಿಸಿದ್ದು ಅಲ್ಲಮಪ್ರಭುವನ್ನು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಆ ಅಲ್ಲಮನು ಮದ್ದಳೆ ಬಾರಿಸುವವನಾಗಿ ಬನವಾಸಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹುಲೇಕಲ್ಲೂ ಬನವಾಸಿಯೂ ಒಂದೇ ಶಿರಸಿ ತಾಲೂಕಿನ ಊರುಗಳು. ಪೀಠಕ್ಕೆ ಯೋಗ್ಯನನ್ನು ಹುಡುಕುವಾಗ ಹಿರಿಯರು ಮನೆತನವನ್ನೂ ಅಧಿಕಾರವನ್ನೂ ಬದಿಗಿಟ್ಟರೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಕಠಿನವಾದದ್ದು ಮುಂದಿನ ಪ್ರಶ್ನೆ. ಸಮೂಹವೊಂದಕ್ಕೆ ಸೇರಿದವನು, ಅದರ ನಿರ್ಣಯಕ್ಕೆ ಒಪ್ಪಿ ಮಾತು ಕೊಟ್ಟವನು, ಆಮೇಲೆ ತನ್ನ ಅಂತಸ್ಸಾಕ್ಷಿ ಬೇರೆ ಹೇಳುತ್ತದೆಂದು ಅದನ್ನು ಮೀರಬಹುದೆ? ವೀರಶೈವಾಚಾರ್ಯರು ಹೇಳಿದ ಪಂಚಾಚಾರಗಳಲ್ಲಿ ಗಣಾಚಾರವೊಂದು. ಶಿವನಿಂದೆಯನ್ನೂ ಶರಣನಿಂದೆಯನ್ನೂ ಕೇಳಿ ಸುಮ್ಮನಿರದಿರುವುದು ಅದರ ತಾತ್ಪರ್ಯ. ಇದನ್ನು ಕೆಲವರು, ನಮ್ಮ ಗುಂಪಿನವರು ಏನು ಮಾಡಿದರೂ ಬಿಟ್ಟುಕೊಡಬಾರದು ಎಂದು ತಿರುಚಿ ಹೇಳುತ್ತಾರೆ. ಅದು ಗಣಾಚಾರವಲ್ಲ, ಗುಂಪುಗಾರಿಕೆ. ಗಣವೆಂಬುದು ಸತ್ಯದ ಸುತ್ತ ಕೂಡಿದ್ದು. ಸತ್ಯವನ್ನು ಬಿಟ್ಟ ಮೇಲೆ ಗಣವೆಲ್ಲಿ? ಆದರೆ ಎದುರು ಬದಿಯ ತಪ್ಪೂ ಸಣ್ಣದಲ್ಲ. ಅರಿವೇ ಗುರುವೆಂಬ ತತ್ತ್ವವನ್ನು ಹಿಡಿದು, ತನಗೆ ತೋರಿದುದೆಲ್ಲವೂ ಅರಿವು ಎಂದು ಭಾವಿಸುವವರುಂಟು. ಶರಣರು ಅರಿವಿನ ಜೊತೆಗೆ ಆಚಾರವನ್ನು ಬಿಡದೆ ಹೇಳಿದರು. ಆಚಾರದ ಒರೆಗಲ್ಲಿಗೆ ಹಚ್ಚಿ ನೋಡದ ಅರಿವು, ಆಸೆಯೋ ಮುನಿಸೋ ವೇಷ ತೊಟ್ಟು ಬಂದದ್ದಾಗಿರಬಹುದು.

ಇದು ಶಾಸ್ತ್ರದ ಮಾತಾಯಿತು. ತೋಟದ ಮಾತಿನಲ್ಲಿ ಹೇಳಿದರೆ ಇನ್ನೂ ಸ್ಪಷ್ಟವಾದೀತು. ಹುಲೇಕಲ್ಲಿನ ಗೃಹಸ್ಥನೊಬ್ಬನು ತನ್ನ ಅಡಕೆಯ ಫಸಲನ್ನು ಒಬ್ಬನಿಗೆ ಗುತ್ತಿಗೆ ಕೊಡುವೆನೆಂದು ಮಾತಾಡಿ ಮುಂಗಡ ಪಡೆದಿರುವನೆಂದು ಭಾವಿಸಲಿ. ಕೊಯ್ಲಿನ ಹೊತ್ತಿಗೆ ಶಿರಸಿಯ ಪೇಟೆಯಲ್ಲಿ ಧಾರಣೆ ಏರಿತು. ಆಗ ಅವನು, ಈ ಗುತ್ತಿಗೆಗೆ ನನ್ನ ಅಂತಸ್ಸಾಕ್ಷಿ ಒಪ್ಪದು ಎಂದರೆ ಊರೆಲ್ಲ ನಗದಿದ್ದೀತೆ? ಆದರೆ ಆ ಗುತ್ತಿಗೆದಾರನು ಕೊನೆಗೌಡರಿಗೆ ಕೂಲಿ ಕೊಡದೆ ವಂಚಿಸುವವನೆಂದು ಮಾತು ಕೊಟ್ಟ ಮೇಲೆ ತಿಳಿಯಿತೆನ್ನಲಿ. ಈಗ ಮನಸ್ಸು ಒಪ್ಪದಿರುವುದು ನಿಜವಾದ ಸಾಕ್ಷಿಯೇ. ಆದರೂ ಅವನು ಮಾಡತಕ್ಕದ್ದು ಏನು? ರಾತ್ರಿ ಗುಟ್ಟಾಗಿ ಕೊನೆಗಳನ್ನು ಬೇರೊಬ್ಬನಿಗೆ ಸಾಗಿಸುವುದಲ್ಲ. ಹಗಲಿನಲ್ಲಿ ಆ ಗುತ್ತಿಗೆದಾರನ ಮನೆಗೆ ಹೋಗಿ, ಕಾರಣವನ್ನು ಎದುರಿಗೆ ಹೇಳಿ, ಮುಂಗಡವನ್ನು ಹಿಂದಕ್ಕೆ ಕೊಟ್ಟು, ಬಂದ ನಷ್ಟವನ್ನು ತಾನು ಹೊರುವುದು. ಅಂತಸ್ಸಾಕ್ಷಿಗೂ ಅವಕಾಶವಾದಕ್ಕೂ ಇರುವ ಭೇದ ಇಲ್ಲಿದೆ: ಒಂದು ತಾನೇ ಬೆಲೆ ತೆರುತ್ತದೆ, ಇನ್ನೊಂದು ಬೆಲೆಯನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತದೆ.

ಬಸವಣ್ಣನವರ ಚರಿತ್ರೆಯಲ್ಲಿ ಇದೇ ಕಾಣುತ್ತದೆ. ಬಿಜ್ಜಳನ ಮಂತ್ರಿಯಾಗಿ ಅವರು ಆ ರಾಜ್ಯಕ್ಕೆ ಕಟ್ಟುಬಿದ್ದವರೇ. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಪ್ರಸಂಗದಲ್ಲಿ ರಾಜನಿಗೂ ಶರಣಧರ್ಮಕ್ಕೂ ವಿರೋಧ ಬಂದಾಗ ಅವರು ಮಂತ್ರಿಪದವಿಯಲ್ಲಿ ಕುಳಿತುಕೊಂಡೇ ಒಳಗಿಂದ ರಾಜನನ್ನು ಸೋಲಿಸುವ ಹೂಟ ಹೂಡಲಿಲ್ಲ. ಪದವಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಹೊರಟರು. ಚನ್ನಬಸವಣ್ಣನವರೊಡನೆ ಕಲ್ಯಾಣವನ್ನು ಬಿಟ್ಟ ಶರಣರು ಕಾಡುದಾರಿ ಹಿಡಿದು ಉಳವಿಗೆ ಬಂದರು. ಇದೇ ಉತ್ತರ ಕನ್ನಡ ಜಿಲ್ಲೆಯ ಆ ಉಳವಿಯ ಜಾತ್ರೆಗೆ ಹೋಗಿಬರುವ ಭಕ್ತನು, ಬೆಲೆ ತೆತ್ತವರ ನೆಲವನ್ನು ಮೆಟ್ಟಿ ಬರುತ್ತಾನೆ.

ಈ ಅಳತೆಯಿಂದ 1969ರ ಸಂಗತಿಯನ್ನು ಅಳೆದರೆ ಯಾವ ಬದಿಯೂ ಪೂರ್ತಿ ತೂಗುವುದಿಲ್ಲ. ಗಿರಿಯವರು ಪದವಿ ಬಿಟ್ಟು ಸ್ಪರ್ಧೆಗಿಳಿದದ್ದು ಸರಿಯಾದ ನಡೆ. ಲೋಕಸಭಾಧ್ಯಕ್ಷರಾದಾಗ, 1967ರಲ್ಲಿ, ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆಯಿತ್ತಿದ್ದ ರೆಡ್ಡಿಯವರ ನಡೆಯೂ ಅಂಥದೇ. ಅನ್ಯಪಕ್ಷದವರ ಎರಡನೆಯ ಮತವನ್ನು ಕೇಳುವುದು ಕಾನೂನಿಗೆ ವಿರುದ್ಧವಲ್ಲ. ಆದರೆ ತಮ್ಮ ಪಕ್ಷದ ಪ್ರಧಾನಿಗೇ ಶಂಕೆ ಹುಟ್ಟುವಂತೆ ಅದನ್ನು ನಡೆಸಿದ್ದು ನಿಜಲಿಂಗಪ್ಪನವರಂಥ ಸರಳಜೀವಿಗೆ ಶೋಭಿಸಲಿಲ್ಲ. ಪ್ರಧಾನಿಯವರ ವಿಷಯದಲ್ಲಿ ಹೇಳತಕ್ಕದ್ದು ಒಂದೇ: ಸಹಿಯೇ ಮಾತು. ಮನಸ್ಸು ಒಪ್ಪದಿದ್ದರೆ ಅದನ್ನು ನಾಮಪತ್ರದ ಮುಂದೆ, ಲೇಖನಿಯನ್ನು ಎತ್ತುವ ಮೊದಲೇ ಹೇಳಬೇಕಾಗಿತ್ತು. ಬ್ಯಾಂಕುಗಳ ರಾಷ್ಟ್ರೀಕರಣದಂಥ ಕಾರ್ಯಗಳನ್ನು ಮೆಚ್ಚಿದವರು ಈ ಸಹಿಯನ್ನು ಮರೆತರು. ಮೆಚ್ಚದವರು ಇದನ್ನು ಮಾತ್ರ ನೆನೆದರು. ಇನ್ನು ಸಾಮಾನ್ಯ ಸದಸ್ಯರಲ್ಲಿ, ಗಿರಿಯವರಿಗೇ ಮತವೆಂದು ಬಹಿರಂಗವಾಗಿ ಹೇಳಿ ಕೊಟ್ಟವರು ಒಪ್ಪತಕ್ಕವರು. ಪಕ್ಷದ ಮಾತಿಗೆ ಬದ್ಧನೆಂದು ಹೇಳಿ ರೆಡ್ಡಿಯವರಿಗೆ ಕೊಟ್ಟವರೂ ಒಪ್ಪತಕ್ಕವರು. ಅಧ್ಯಕ್ಷರ ಮುಂದೆ ತಲೆಯಾಡಿಸಿ ಪೆಟ್ಟಿಗೆಯ ಮುಂದೆ ಬೇರೊಂದು ಗುರುತು ಹಾಕಿದವನಿದ್ದರೆ, ಅವನು ಅಂತಸ್ಸಾಕ್ಷಿಯ ಹೆಸರನ್ನು ಎತ್ತದಿರುವುದೇ ಲೇಸು. ಮತ ಗುಪ್ತವಾಗಿರುವುದು ಮತದಾರನಿಗೆ ಭಯವಿಲ್ಲದಿರಲೆಂದು. ಎರಡು ನಾಲಗೆ ಬೆಳೆಯಲೆಂದಲ್ಲ. ಅಂಗೈಯ ಇಷ್ಟಲಿಂಗವನ್ನು ದಿನವೂ ದಿಟ್ಟಿಸುವವನಿಗೆ, ಯಾರೂ ನೋಡದ ಸ್ಥಳವೆಂಬುದೊಂದು ಇರುವುದಾದರೂ ಎಲ್ಲಿ?

ಆದರೆ ಈ ವಾದದಲ್ಲೆಲ್ಲ ಒಂದು ಸಂಗತಿ ಹಿಂದೆ ಬಿದ್ದಿತು. ಯಾರು ಯಾರ ಮಾತು ಮೀರಿದರು ಎಂಬುದನ್ನು ಎಲ್ಲರೂ ಕೇಳಿದರು. ಆ ಪೀಠದಲ್ಲಿ ಕೂಡುವವನಿಂದ ಏನನ್ನು ಅಪೇಕ್ಷಿಸಬೇಕೆಂದು ಕೇಳಿದವರು ವಿರಳ. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವನು. ಅವನ ಕೆಲಸದಲ್ಲಿ ಬಹುಭಾಗ ಸಹಿ ಹಾಕುವುದು. ಹಾಗಾದರೆ ಓದಿ ಸಹಿ ಹಾಕುವವನೆ, ಓದದೆ ಹಾಕುವವನೆ ಎಂಬುದೇ ಅಭ್ಯರ್ಥಿಯನ್ನು ಕುರಿತು ಕೇಳತಕ್ಕ ಮೊದಲ ಪ್ರಶ್ನೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಅಂದಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಸಹಿ ಹಾಕಿದಾಗ ಆ ಸಲಹೆಯು ಮಂತ್ರಿಮಂಡಲದ ಮುಂದೆ ಬಂದೇ ಇರಲಿಲ್ಲ. ಮಂತ್ರಿಗಳು ಕೂಡಿದ್ದು ಮರುದಿನ ಬೆಳಿಗ್ಗೆ. ಒಂದು ರಾತ್ರಿಯ ತಾಳ್ಮೆಯ ಬೆಲೆ ಎಷ್ಟೆಂಬುದನ್ನು ದೇಶವು ಇಪ್ಪತ್ತೊಂದು ತಿಂಗಳು ಅನುಭವಿಸಿ ಅರಿಯಿತು.

1977ರ ಫೆಬ್ರವರಿಯಲ್ಲಿ ಅಹಮದರು ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಗಳಾದವರು ಉಪರಾಷ್ಟ್ರಪತಿ ಶ್ರೀ ಬಿ. ಡಿ. ಜತ್ತಿಯವರು, ಜಮಖಂಡಿಯ ಸೀಮೆಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು, ಬೆಂಗಳೂರಿನ ಬಸವ ಸಮಿತಿಯನ್ನು ಸ್ಥಾಪಿಸಿ ವಚನಪ್ರಸಾರಕ್ಕೆ ದುಡಿದವರು. ಆ ಏಪ್ರಿಲಿನಲ್ಲಿ ಹೊಸ ಜನತಾ ಸರಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆ ಕಳುಹಿಸಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಯೋಚಿಸಲು ಸ್ವಲ್ಪ ಕಾಲ ತೆಗೆದುಕೊಂಡರು. ಅನಂತರ, ಏಪ್ರಿಲ್ 30ರಂದು, ಸಹಿ ಹಾಕಿದರು. ಹಳೆಯ ಪಕ್ಷದ ಮೋಹದಿಂದ ತಡಮಾಡಿದರೆಂದು ಕೆಲವರು ಆಡಿದರು. ಕೊನೆಗೂ ಬಗ್ಗಿದರೆಂದು ಬೇರೆ ಕೆಲವರು ಹಂಗಿಸಿದರು. ಎರಡೂ ಮಾತು ನಿಲ್ಲುವಂಥವಲ್ಲ. ಸಲಹೆಯನ್ನು ಒಪ್ಪಲೇಬೇಕೆಂದು 42ನೆಯ ತಿದ್ದುಪಡಿಯು ಆಗ ಕಟ್ಟುಮಾಡಿದ್ದಿತು. ಆದುದರಿಂದ ಸಹಿ ಹಾಕಿದ್ದು ನ್ಯಾಯ. ಹಾಕುವ ಮೊದಲು ನಿಂತು ನೋಡಿದ್ದೂ ನ್ಯಾಯ. ಜತ್ತಿಯವರು ಲಿಂಗಾಯತರೆಂದು ಹೆಮ್ಮೆ ಪಡುವ ಗೃಹಸ್ಥನು ಆ ತಡೆದು ನಿಂತ ಗಳಿಗೆಗಾಗಿ ಹೆಮ್ಮೆ ಪಟ್ಟರೆ ಅದಕ್ಕೊಂದು ಅರ್ಥವಿದೆ.

ಆ ಜುಲೈನಲ್ಲಿ, ಎಂಟು ವರ್ಷದ ಹಿಂದೆ ಸೋತಿದ್ದ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಗಳಾದರು. ಅವರ ಕಾಲದಲ್ಲಿಯೇ, 1978ರ 44ನೆಯ ತಿದ್ದುಪಡಿಯ ಮೂಲಕ, ಮಂತ್ರಿಮಂಡಲದ ಸಲಹೆಯನ್ನು ಪುನಃ ವಿಚಾರಿಸಿರೆಂದು ಒಂದು ಸಲ ಹಿಂದಕ್ಕೆ ಕಳುಹಿಸುವ ಅಧಿಕಾರವು ರಾಷ್ಟ್ರಪತಿಗೆ ದೊರೆಯಿತು. ತುರ್ತುಪರಿಸ್ಥಿತಿಯನ್ನು ಘೋಷಿಸಲು ಮಂತ್ರಿಮಂಡಲದ ನಿರ್ಣಯವು ಬರವಣಿಗೆಯಲ್ಲಿ ಬಂದಿರಬೇಕೆಂದೂ ವಿಧಿಸಲಾಯಿತು.