ಜಾಣ ಮಗುವಿನ ಪಾಲು



ಇಳಕಲ್ಲಿನ ನನ್ನ ಎಂಟನೇ ತರಗತಿಯಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳು ಕೊಟ್ಟ ಅಭ್ಯಾಸವನ್ನು ಎಲ್ಲರಿಗಿಂತ ಮೊದಲೇ ಮುಗಿಸುತ್ತಾಳೆ. ಉಳಿದವರ ನೋಟ್‌ಬುಕ್ ತಿದ್ದಲು ಕೂಡಿಸುತ್ತಿದ್ದೆ. ಅದನ್ನೇ ಪ್ರೋತ್ಸಾಹ ಅಂದುಕೊಂಡಿದ್ದೆ. ಒಂದಿನ ಕೇಳಿಯೇಬಿಟ್ಟಳು: "ಸರ್, ನನಗ ಹೊಸಾದು ಯಾವಾಗ ಕಲಸ್ತೀರಿ?"

ಮುಂದಿರುವವಳಿಗೇ ಮತ್ತೆ ಸಮಯ ಕೊಟ್ಟರೆ ಸಮತೆಗೆ ದ್ರೋಹವಲ್ಲವೇ ಎಂಬ ಅಳುಕಿತ್ತು. ಆದರೆ 1907ರಲ್ಲಿ ಮೆಟ್ರಿಕ್ ಪಾಸಾದ ಬಾಬಾಸಾಹೇಬರಿಗೆ ಕೃಷ್ಣಾಜಿ ಕೇಳುಸ್ಕರ್ ತಾವೇ ಬರೆದ ಬುದ್ಧಚರಿತ್ರೆ ಕೊಟ್ಟರು, ಬರೋಡಾ ಮಹಾರಾಜರ ವಿದ್ಯಾರ್ಥಿವೇತನಕ್ಕೂ ನೆರವಾದರು. "ಜಾಣ ಹುಡುಗ, ತಾನೇ ಓದಿಕೊಳ್ಳಲಿ" ಎಂದು ಅವರು ಬಿಟ್ಟಿದ್ದರೆ?

ಎನ್‌ಎಂಎಂಎಸ್‌ ಪರೀಕ್ಷೆಯಲ್ಲಿ ಆಯ್ಕೆಯಾದರೆ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅವಳ ಮನೆಗೆ ಅದು ಸಣ್ಣ ದುಡ್ಡಲ್ಲ. ಈಗ ಶಾಲೆ ಬಿಟ್ಟಮೇಲೆ ಅರ್ಧ ತಾಸು ಕೂರುತ್ತೇವೆ. ಮೊನ್ನೆ ಕಡಿಮೆ ಅಂಕದ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಕರೆದೆ.