ಕಾಣದ ಕೂಸಿನ ಹಕ್ಕು

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಯಿತು. 9 ತಿಂಗಳು ತುಂಬಿದ, 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಲಸಿಕೆ ನೀಡುವುದು ಅದರ ಗುರಿಯಾಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೆತ್ತವರಿಗೂ ಅದೊಂದು ನೈತಿಕ ಪ್ರಶ್ನೆಯನ್ನು ಒಡ್ಡಿತು. ದಡಾರದ ಲಸಿಕೆ ನಮ್ಮ ಮಗುವನ್ನೇ ಕಾಯುತ್ತದೆ, ಸರಿ. ಆದರೆ ರುಬೆಲ್ಲಾ ಮಕ್ಕಳಿಗೆ ಸಾಮಾನ್ಯವಾಗಿ ಸೌಮ್ಯ ರೋಗ. ಗಂಡುಮಗುವಿಗೇಕೆ ಆ ಲಸಿಕೆ?

ಏಕೆಂದರೆ ಅದೇ ರೋಗ ಎಳೆಬಸುರಿಗೆ ತಗುಲಿದರೆ, ಗರ್ಭದ ಕೂಸಿನ ಕಣ್ಣು, ಕಿವಿ, ಹೃದಯಗಳಿಗೆ ಹಾನಿಯಾಗಬಹುದು. ಆಕೆ ಪಕ್ಕದ ಮನೆಯ ಸೊಸೆಯಾಗಿರಬಹುದು, ತರಗತಿಯ ಶಿಕ್ಷಕಿಯೂ ಆಗಿರಬಹುದು. ಹೆತ್ತವರ ಅಂಜಿಕೆ ತಪ್ಪಲ್ಲ. ಅದನ್ನು ಶಾಲೆಯ ಸಭೆಯಲ್ಲಿ ಕೇಳಿ ಬಗೆಹರಿಸಿಕೊಳ್ಳದೆ, ಗಾಳಿಮಾತಿಗೆ ಕಿವಿಗೊಡುವುದು ತಪ್ಪು. ನಮ್ಮ ಮಗುವಿನ ತೋಳಿನ ಕ್ಷಣದ ನೋವು, ಇನ್ನೂ ಹೆಸರಿಲ್ಲದ ಕೂಸಿಗೆ ನಾವು ಸಲ್ಲಿಸಬೇಕಾದ ಋಣವಲ್ಲವೇ?