ಚೆನ್ನಾಗಿ ಕೆಲಸ ಮಾಡುವ ವಸ್ತು

ಪಾತ್ರೆ ಕೊಳ್ಳಲು ಯಲಹಂಕದ ಅಂಗಡಿಗೆ ಹೋದಾಗ ನಮ್ಮ ಅತ್ತೆಯವರು ಹೊಳಪು ನೋಡುತ್ತಿರಲಿಲ್ಲ. ಪಾತ್ರೆಯನ್ನು ಮಗುಚಿ ಹಾಕಿ ಬೆರಳ ಗೆಣ್ಣಿನಿಂದ ತಟ್ಟುವರು, ತಳ ಎಷ್ಟು ದಪ್ಪವಿದೆ ಎಂದು ನೋಡುವರು, ಹಿಡಿಯನ್ನು ಅಲ್ಲಾಡಿಸುವರು. ಹೂಬಳ್ಳಿ ಕೆತ್ತಿದ್ದನ್ನು ಅಂಗಡಿಯವನು ಮುಂದಕ್ಕೆ ತಳ್ಳಿದರೆ "ಈ ಹೂವು ಅನ್ನ ಬೇಯಿಸುತ್ತೇನಪ್ಪಾ?" ಎಂದು ಕೇಳಿ ಪಕ್ಕಕ್ಕಿಡುವರು. ಅದೇ ಬುದ್ಧಿಯನ್ನು ನಾನು ಶಾಲೆಯ ಮಕ್ಕಳಿಗೂ ಹೇಳುತ್ತ ಬಂದವಳು. ಪ್ರತಿ ಜೂನ್ ತಿಂಗಳಲ್ಲಿ, ಮುಚ್ಚಳದ ಮೇಲೆ ಕಾರ್ಟೂನ್ ಗೊಂಬೆಯಿರುವ ಜಾಮಿಟ್ರಿ ಬಾಕ್ಸುಗಳು ತರಗತಿಗೆ ಬರುತ್ತವೆ. ಅವುಗಳ ಕೈವಾರದಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ. ವೃತ್ತ ಎಳೆಯಲು ಹೊರಟರೆ ಮೊಟ್ಟೆಯಾಗುತ್ತದೆ. ಗೊಂಬೆ ನೋಡಬೇಡಿ, ತಿರುಪು ಗಟ್ಟಿಯಿದೆಯೇ ನೋಡಿ ಎನ್ನುತ್ತೇನೆ. ವಸ್ತುವಿನ ಬೆಲೆ ಅದರ ಕೆಲಸದಲ್ಲಿದೆ, ಥಳುಕಿನಲ್ಲಿಲ್ಲ ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಅಳತೆಗೋಲು ಎಲ್ಲ ವಸ್ತುಗಳಿಗೂ ಸಲ್ಲುವುದೇ ಎಂಬ ಪ್ರಶ್ನೆಯನ್ನು ಕಳೆದ ವರ್ಷ ಒಂದು ಪುಟ್ಟ ಯಂತ್ರ ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ತಂದಿಟ್ಟಿತು.

ನಮ್ಮ ಅಲ್ಲಾಳಸಂದ್ರ ಒಂದು ಕಾಲಕ್ಕೆ ಕೆರೆ, ತೋಟ, ನಾಲ್ಕಾರು ಬೀದಿಗಳ ಊರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ಬದಲಾದವು. ಕೆರೆ ಇನ್ನೂ ಇದೆ, ನಾನು ಸಂಜೆ ಅದರ ದಂಡೆಯ ಮೇಲೆ ನಡೆಯುತ್ತೇನೆ; ಆದರೆ ಲೋಕದಲ್ಲಿ ಎಲ್ಲೋ ಹುಟ್ಟಿದ ವಸ್ತು ನಮ್ಮ ಹುಡುಗರ ಚೀಲಕ್ಕೆ ಬಂದು ಸೇರಲು ಈಗ ವರ್ಷಗಳು ಬೇಕಾಗಿಲ್ಲ. ಒಂಬತ್ತನೇ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಸಿಕ್ಕಿದ್ದು ಅಂಥದೇ ಒಂದು ವಸ್ತು. ಪುಸ್ತಕದ ಸಾಲುಗಳಿಗೆ ಬಣ್ಣ ಹಚ್ಚುವ ದಪ್ಪ ಪೆನ್ನಿನಂತಿತ್ತು. ಮೂಗಿನ ಹತ್ತಿರ ಹಿಡಿದರೆ ಮಾವಿನ ಹಣ್ಣಿನ ವಾಸನೆ. ಒಂದು ಬದಿಗೆ ಅಂಗುಲದಷ್ಟು ಪರದೆ, ಅದರಲ್ಲಿ ಬ್ಯಾಟರಿ ಎಷ್ಟಿದೆ, ದ್ರವ ಎಷ್ಟಿದೆ ಎಂಬ ಲೆಕ್ಕ. ಎಳೆದಾಗಲೆಲ್ಲ ಕೆಳಗೆ ನೀಲಿ, ಹಸಿರು ದೀಪ ಓಡುತ್ತದಂತೆ. ಇ-ಸಿಗರೇಟು, ಮಕ್ಕಳ ಬಾಯಲ್ಲಿ ವೇಪ್.

ನಮ್ಮ ವಿಜ್ಞಾನದ ಮೇಷ್ಟ್ರು ಅದರ ಒಳಗನ್ನು ವಿವರಿಸಿದರು. ಬ್ಯಾಟರಿಯೊಂದು ಸಣ್ಣ ತಂತಿಯ ಸುರುಳಿಯನ್ನು ಕಾಯಿಸುತ್ತದೆ. ಸುರುಳಿಯ ಪಕ್ಕದಲ್ಲಿ ಹತ್ತಿ, ಹತ್ತಿಯಲ್ಲಿ ಗ್ಲಿಸರಿನ್ ಮೊದಲಾದ ದ್ರವಗಳು, ಪರಿಮಳ, ನಿಕೋಟಿನ್. ಕಾದ ದ್ರವ ಮಂಜಾಗಿ ಬಾಯಿಗೆ ಬರುತ್ತದೆ. ಏನೂ ಉರಿಯುವುದಿಲ್ಲ, ಆದ್ದರಿಂದ ಬೂದಿಯಿಲ್ಲ, ಸಿಗರೇಟಿನ ಟಾರ್ ಇಲ್ಲ. ನಿಕೋಟಿನ್ ಮಾತ್ರ ಇದೆ. ಇಂದಿನ ರೂಪದ ಈ ಯಂತ್ರವನ್ನು 2003ರ ಸುಮಾರಿಗೆ ರೂಪಿಸಿದವರು ಚೀನಾದ ಹಾನ್ ಲಿಕ್ ಎಂಬ ಔಷಧತಜ್ಞರು. ಅವರೇ ಸಿಗರೇಟು ಬಿಡಲಾರದೆ ಒದ್ದಾಡಿದವರು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಹುಟ್ಟಿದ ಉದ್ದೇಶ ಕೆಟ್ಟದ್ದೆಂದು ಹೇಳಲಾಗದು.

ಹುಡುಗನನ್ನು ಕರೆದು ಕೇಳಿದೆ. "ಲೈಟ್ ನೋಡಿ ಇಷ್ಟ ಆಯ್ತು ಮಿಸ್" ಅಂದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆದೂಗಿದರು: ನೋಡಿ, ಎಲ್ಲ ಈ ದೀಪ, ಪರದೆ, ಮಾವಿನ ಹಣ್ಣಿನ ಗಿಮಿಕ್ಕು, ಇವನ್ನು ತೆಗೆದುಬಿಟ್ಟರೆ ಯಾವ ಮಗುವೂ ಮುಟ್ಟುವುದಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಇಂಥ ಪರಿಮಳಗಳನ್ನೆಲ್ಲ ನಿಷೇಧಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೇಶಗಳಿಗೆ ಕರೆ ಕೊಟ್ಟಿದ್ದೂ ಇದೇ ಕಾರಣಕ್ಕೆ. ಆದರೂ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ದೀಪದ ಆಸೆ ಎಷ್ಟು ದಿನದ್ದು? ಓಡುವ ದೀಪದ ಬೂಟುಗಳನ್ನು ಇದೇ ಮಕ್ಕಳು ಆರು ತಿಂಗಳಲ್ಲಿ ಮೂಲೆಗೆ ಎಸೆದಿದ್ದನ್ನು ಕಂಡವಳು ನಾನು. ಈ ಹುಡುಗನೋ ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಚಡಪಡಿಸುತ್ತಿದ್ದ, ಕೈ ಜೇಬಿಗೆ ಹೋಗುತ್ತಿತ್ತು, ದಿನಕ್ಕೆ ನಾಲ್ಕು ಸಲ ಶೌಚಾಲಯಕ್ಕೆ ಅನುಮತಿ ಕೇಳುತ್ತಿದ್ದ. ಇದು ದೀಪದ ಆಟವಲ್ಲ.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಇಂಜಿನಿಯರಿಂಗ್ ಓದುವಾಗ ಹತ್ತಿದ ಸಿಗರೇಟನ್ನು ಹನ್ನೆರಡು ವರ್ಷ ಸೇದಿ, ಕೊನೆಗೆ ಬಿಟ್ಟದ್ದು ಈ ಯಂತ್ರದ ಸಹಾಯದಿಂದಲೇ. ಫೋನಿನಲ್ಲಿ ಹುಡುಗನ ವಿಷಯ ಹೇಳಿದಾಗ ಅವನು ನಕ್ಕ. "ಅಯ್ಯೋ ದೊಡ್ಡಮ್ಮ, ಲೈಟು ಗೀಟು ಎಲ್ಲ ಬೋಗಸ್ಸು. ಹತ್ತಿ ಸುಟ್ಟು ಕಮಟು ವಾಸನೆ ಬರಬಾರದು, ದ್ರವ ಜೇಬಿಗೆ ಸೋರಬಾರದು, ಬ್ಯಾಟರಿ ಸಾಯಂಕಾಲದವರೆಗೆ ಬರಬೇಕು. ಇಷ್ಟಿದ್ದರೆ ಸಾಕು. ನಂದು ಕಪ್ಪಗೆ ಟಾರ್ಚಿನ ಹಾಗಿದೆ, ನೋಡೋಕೂ ಚೆನ್ನಾಗಿಲ್ಲ" ಅಂದ. ನಮ್ಮ ಅತ್ತೆ ಇದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದರು! ಹದಿನೆಂಟು ಮಿಲಿಗ್ರಾಂ ನಿಕೋಟಿನ್ನಿನಿಂದ ಹೊರಟು ಆರಕ್ಕೆ, ಅಲ್ಲಿಂದ ಮೂರಕ್ಕೆ ಇಳಿಸಿದ್ದಾನೆ. ಅಲ್ಲಿನ ಸರ್ಕಾರವೇ 2023ರಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ಪುಕ್ಕಟೆಯಾಗಿ ಇದನ್ನು ಕೊಡುವ ಯೋಜನೆ ಪ್ರಕಟಿಸಿತು. ಅದೇ ದೇಶ 2025ರ ಜೂನ್ 1ರಿಂದ ಬಳಸಿ ಎಸೆಯುವ ಬಗೆಯ ಯಂತ್ರಗಳ ಮಾರಾಟವನ್ನು ನಿಲ್ಲಿಸಿತು. ಹೀಗೂ ಹಾಗೂ ಎರಡನ್ನೂ ಮಾಡುವ ದೇಶವನ್ನು ನೋಡಿ ನಗುವುದು ಸುಲಭ. ಒಂದೇ ವಸ್ತು ಇಬ್ಬರ ಕೈಯಲ್ಲಿ ಎರಡು ಕೆಲಸ ಮಾಡುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದಾರೆ ಎಂದೂ ಹೇಳಬಹುದು.

ನನ್ನ ಯೋಚನೆ ಇಲ್ಲಿಂದ ನಮ್ಮ ತಂದೆಯ ಬೀಡಿಯ ಕಡೆಗೆ ಹೋಯಿತು. ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪ ಮಗ್ಗದ ಕೆಲಸದವರು. ರೇಷ್ಮೆ ಎಳೆಗಳ ಹತ್ತಿರ ಕಿಡಿ ತರುವಂತಿಲ್ಲ. ಸೇದಬೇಕೆಂದರೆ ಮಗ್ಗ ನಿಲ್ಲಿಸಿ ಎದ್ದು ಬೀದಿಗೆ ಬರಬೇಕು. ಬೀಡಿಯೋ ಮಹಾ ಸೋಮಾರಿ ವಸ್ತು. ನಾಲ್ಕು ಮಾತಾಡುತ್ತ ಮೈಮರೆತರೆ ಆರಿಹೋಗುತ್ತದೆ, ಮತ್ತೆ ಕಡ್ಡಿ ಗೀರಬೇಕು. ಮಳೆಗಾಲದಲ್ಲಿ ಕಟ್ಟು ತಣ್ಣಗಾಗಿ ಹತ್ತುವುದೇ ಇಲ್ಲ. ಗಂಟಲು ಕೆರೆಯುತ್ತದೆ. ವಾಸನೆ ಅಂಗಿಗೆ, ಮೀಸೆಗೆ, ಹೊದಿಕೆಗೆ ಹತ್ತುತ್ತದೆ. ಅಪ್ಪ ಬಾಗಿಲಿಗೆ ಬರುವ ಮೊದಲೇ ಅಮ್ಮನಿಗೆ ಅಂದಿನ ಲೆಕ್ಕ ಸಿಗುತ್ತಿತ್ತು. ನನ್ನ ಅಣ್ಣ ಹದಿಮೂರನೇ ವಯಸ್ಸಿನಲ್ಲಿ ಅಪ್ಪನ ಕಟ್ಟಿನಿಂದ ಒಂದನ್ನು ಕದ್ದು ಹಿತ್ತಲಲ್ಲಿ ಎಳೆದ. ಕಣ್ಣು ಮೂಗಿನಲ್ಲೆಲ್ಲ ನೀರು ಬಂದು, ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ಆಮೇಲೆ ಅದರ ಹತ್ತಿರ ಹೋಗಲಿಲ್ಲ. ಬೀಡಿ ಒಳ್ಳೆಯದೆಂದು ಹೇಳುತ್ತಿಲ್ಲ. ನಮ್ಮಪ್ಪನನ್ನು ಅರವತ್ತೊಂದನೇ ವಯಸ್ಸಿಗೆ ಕೊಂಡೊಯ್ದದ್ದು ಅದೇ. ಆದರೆ ಅಣ್ಣನನ್ನು ಕಾಪಾಡಿದ್ದು ಯಾವ ಉಪದೇಶವೂ ಅಲ್ಲ, ಬೀಡಿ ತನ್ನ ಕೆಲಸದಲ್ಲಿ ಅಷ್ಟು ದಡ್ಡವಾಗಿದ್ದದ್ದು.

ವೇಪ್ ಈ ದಡ್ಡತನವನ್ನೆಲ್ಲ ಒಂದೊಂದಾಗಿ ಕಳೆದುಕೊಂಡ ವಸ್ತು. ಬೆಂಕಿ ಬೇಡ, ಬೀದಿಗೆ ಬರಬೇಕಾಗಿಲ್ಲ, ಆರುವುದಿಲ್ಲ, ಮಳೆಯಲ್ಲೂ ನಡೆಯುತ್ತದೆ, ಅಮ್ಮನಿಗೆ ಮಾವಿನ ಹಣ್ಣಿನ ವಾಸನೆ ಬಂದರೂ ಮಿಠಾಯಿ ತಿಂದಿರಬೇಕು ಎಂದುಕೊಳ್ಳುತ್ತಾಳೆ. ಗಂಟಲಿನ ಉರಿಗೂ ಉಪಾಯವಾಯಿತು. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಎಂಬ ಯಂತ್ರ ನಿಕೋಟಿನ್ನಿಗೆ ಬೆಂಜೋಯಿಕ್ ಆಮ್ಲ ಸೇರಿಸಿ ಅದರ ಖಾರವನ್ನು ತಗ್ಗಿಸಿತು. ನಿಕೋಟಿನ್ ಹೆಚ್ಚಿದ್ದರೂ ಗಂಟಲಿಗೆ ನುಣುಪು. ನೋಡಲು ಅದು ಕಂಪ್ಯೂಟರಿಗೆ ಹಾಕುವ ಪೆನ್ ಡ್ರೈವಿನಷ್ಟು ಸಪ್ಪೆ. ಪರದೆಯೂ ಇಲ್ಲ, ಓಡುವ ದೀಪದ ಸಾಲೂ ಇಲ್ಲ. ಮಾವಿನ ಪರಿಮಳವೇನೋ ಇತ್ತು ಅನ್ನಿ. ಮೂರೇ ವರ್ಷದಲ್ಲಿ, 2018ರ ಡಿಸೆಂಬರಿನಲ್ಲಿ, ಆ ದೇಶದ ಸರ್ಜನ್ ಜನರಲ್ ಹರೆಯದ ಮಕ್ಕಳ ಈ ಚಟವನ್ನು ಪಿಡುಗು ಎಂದೇ ಕರೆದರು. ಯಂತ್ರ ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿತ್ತು. ಮಗುವನ್ನು ಹೊಸ್ತಿಲವರೆಗೆ ಕರೆಯುವುದು ಥಳುಕು. ಒಳಗೆ ಬಂದ ಮೇಲೆ ಚಿಲಕ ಹಾಕುವುದು ಕೆಲಸದ ಅಚ್ಚುಕಟ್ಟು.

ಹಾಗಾದರೆ ಅತ್ತೆಯವರ ಅಳತೆಗೋಲು ಸುಳ್ಳೇ? ಸುಳ್ಳಲ್ಲ, ಆದರೆ ಅದರಲ್ಲಿ ಹೇಳದೆ ಬಿಟ್ಟ ಒಂದು ಮಾತಿದೆ. ಪಾತ್ರೆಯ ಕೆಲಸ ಅನ್ನ ಬೇಯಿಸುವುದು, ಅನ್ನ ಎಲ್ಲರಿಗೂ ಬೇಕು. ಆದ್ದರಿಂದ ಕೆಲಸ ಯಾರಿಗಾಗಿ ಎಂದು ಅವರು ಕೇಳಬೇಕಾಗಿ ಬರಲೇ ಇಲ್ಲ. ನನ್ನ ತಂಗಿಯ ಮಗನ ಕೈಯಲ್ಲಿ ಯಂತ್ರದ ಕೆಲಸ ಒಂದು ಚಟವನ್ನು ಇಳಿಸುವುದು; ಅದು ಎಷ್ಟು ಚೆನ್ನಾಗಿ ನಡೆಯುತ್ತದೋ ಅಷ್ಟು ಬೇಗ ಅವನಿಗೆ ಆ ಯಂತ್ರವೇ ಬೇಡವಾಗಬೇಕು. ಹದಿನಾಲ್ಕು ವರ್ಷದ ಹುಡುಗನಿಗೆ ಇಳಿಸಲು ಯಾವ ಚಟವೂ ಇರಲಿಲ್ಲ. ಅವನ ಕೈಯಲ್ಲಿ ಅದು ಮಾಡಬಹುದಾದ ಒಂದೇ ಕೆಲಸ ಚಟವನ್ನು ಹುಟ್ಟಿಸುವುದು. ಅಂಥ ಯಂತ್ರ ಸೋರಲಿ, ಕೆಡಲಿ, ಕಮಟು ವಾಸನೆ ಬರಲಿ, ಬ್ಯಾಟರಿ ಮಧ್ಯಾಹ್ನಕ್ಕೇ ಸಾಯಲಿ ಎಂದೇ ನಾನು ಹಾರೈಸುತ್ತೇನೆ.

ಇನ್ನು ಕಾನೂನು. ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಡಿಸೆಂಬರಿನಲ್ಲಿ ಅದನ್ನು ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಿಗರೇಟು ಅಂಗಡೀಲಿ ಮಾರ್ತಾರಲ್ಲ ಮಿಸ್, ಅದು ಇದಕ್ಕಿಂತ ಕೆಟ್ಟದ್ದು ಅಂತ ನೀವೇ ಹೇಳಿದ್ರಿ?" ಎಂದಳು. ಪ್ರಶ್ನೆ ನೇರವಾಗಿತ್ತು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ವಿಷಯ, ಹರಾಜಿನ ವಿಷಯ, ಸರ್ಕಾರಕ್ಕೆ ಬರುವ ತೆರಿಗೆಯ ವಿಷಯ ಹೇಳಿದೆ. ಬೇರು ಬಿಟ್ಟ ಮರವನ್ನು ಕೀಳುವುದು ಕಷ್ಟ, ಸಸಿಯನ್ನು ಕೀಳುವುದು ಸುಲಭ. ಸರ್ಕಾರ ಸುಲಭದ್ದನ್ನು ಮಾಡಿದೆ ಎಂದೆ. ಸಿಗರೇಟನ್ನೂ ಬಿಗಿ ಮಾಡುತ್ತಿದ್ದಾರೆ: ರಾಜ್ಯದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಆದರೂ ಅವಳ ಮುಖದಲ್ಲಿ ಸಮಾಧಾನವಿರಲಿಲ್ಲ. ಅದು ನ್ಯಾಯವೇ.

ನಾನು ಕಾನೂನಿನ ಪಕ್ಷ. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಮರೆತು ಆ ಪಕ್ಷ ಸೇರುವುದು ಸರಿಯಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಆಟೋ ನಿಲ್ಲಿಸಿಕೊಂಡು ಬೆಳಗಿನಿಂದ ಸೇದುವ ನಡುವಯಸ್ಸಿನವರಿದ್ದಾರೆ. ನನ್ನ ತಂಗಿಯ ಮಗನಿಗೆ ತೆರೆದ ದಾರಿ ಅವರಿಗೆ ಮುಚ್ಚಿದೆ. ಅವರಿಗೆ ಉಳಿದಿರುವುದು ಔಷಧಿ ಅಂಗಡಿಯ ನಿಕೋಟಿನ್ ಗಮ್, ವೈದ್ಯರ ಸಲಹೆ. ಈ ಗಮ್ಮಿಗೆ ದೀಪವಿಲ್ಲ, ಪರದೆಯಿಲ್ಲ, ಅಗಿದರೆ ಮೆಣಸಿನ ಚುರುಕು. ಅದಕ್ಕಾಗಿ ಯಾವ ಮಗುವೂ ಹಟ ಹಿಡಿದದ್ದನ್ನು ನಾನು ಕೇಳಿಲ್ಲ.

ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸಬೇಕೆಂದು ಕೆಲವರು ಹೇಳಿದರು. ಬೇರೆಯವರು ಕೆಡುತ್ತಾರೆ ಎಂಬ ಭಯ. ನಾನು ಒಪ್ಪಲಿಲ್ಲ. ಬಿಡಿಸಿಕೊಳ್ಳಲಾಗದಂತೆ ಹಿಡಿಯುವುದಕ್ಕೆಂದೇ ನಯ ಮಾಡಿದ ವಸ್ತುವಿಗೆ ಮಗು ಸಿಕ್ಕಿಬಿದ್ದರೆ ತಪ್ಪೆಲ್ಲ ಮಗುವಿನದೆಂದು ಬರೆದುಕೊಡುವುದು ಯಾವ ಲೆಕ್ಕ? ಮುಖ್ಯೋಪಾಧ್ಯಾಯಿನಿಯವರು ನನ್ನ ಮಾತಿಗೆ ಬಂದರು, ತಾಯಿಯನ್ನು ಕರೆಸಿದರು. ಆಕೆ ಗಾರ್ಮೆಂಟ್ಸ್ ಕೆಲಸದವಳು, ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದಳು. ಯಂತ್ರವನ್ನು ತಿರುಗಿಸಿ ನೋಡಿ, "ಇದರಲ್ಲಿ ಹೊಗೇನೇ ಇಲ್ಲ ಅಂತಾನೆ ಮೇಡಂ. ಹಂಗಾದ್ರೆ ಪರವಾಗಿಲ್ವಾ?" ಎಂದು ಕೇಳಿದಳು. ಆಕೆಯ ಗಂಡ ಗುಟ್ಕಾ ಅಗಿಯುವವನು. 2013ರಲ್ಲಿ ರಾಜ್ಯದಲ್ಲಿ ಅದು ನಿಷೇಧವಾದರೂ ಅವನಿಗೆ ಎಲ್ಲೋ ಸಿಗುತ್ತದೆ. ಅದಕ್ಕಿಂತ ಇದು ವಾಸಿಯೇನೋ ಎಂಬ ಆಸೆ ಆಕೆಯ ದನಿಯಲ್ಲಿತ್ತು. "ನೋಡಮ್ಮ, ಹೊಗೆ ಇಲ್ಲ, ಅದು ನಿಜ. ಹೊಗೆ ಇದ್ದಿದ್ದರೆ ನಿನಗೆ ಎಂಟು ತಿಂಗಳ ಹಿಂದೆಯೇ ಗೊತ್ತಾಗುತ್ತಿತ್ತು" ಎಂದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ತಂಬಾಕು ಬಿಡುವವರಿಗಾಗಿ ನಿಮ್ಹಾನ್ಸ್‌ನಲ್ಲಿ ದೂರವಾಣಿ ಸೇವೆಯಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಫೋನಿನಿಂದಲೇ ಹುಡುಗನನ್ನು ಮಾತಾಡಿಸಿದೆ. ಆಮೇಲೆ ತಾಯಿ ಅವನನ್ನು ಅಲ್ಲಿಗೇ ಕರೆದುಕೊಂಡು ಹೋಗಿಬಂದಳು. ಎರಡು ಸಲ ಬಿಟ್ಟ, ಎರಡು ಸಲವೂ ಮತ್ತೆ ಎಲ್ಲಿಂದಲೋ ತಂದ. ಈಗ ಹತ್ತನೇ ತರಗತಿ. ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಾಗ "ಎಷ್ಟು ದಿನ ಆಯ್ತೋ?" ಎಂದೆ.

"ಹತ್ತೊಂಬತ್ತು ದಿನ ಮಿಸ್" ಅಂದ. "ಗಣಿತದ ಪೀರಿಯಡ್ಡೇ ಕಷ್ಟ."